ಇಂಗ್ಲೆಂಡಿನ ಮುತ್ತಜ್ಜನ ವಿಳಾಸ

ಕಾದಂಬರಿಗಾರ್ತಿ ಜೇನ್ ಆಸ್ಟೆನ್ ಮದುವೆಯಾಗದೆಯೇ ತೀರಿಕೊಂಡಳೆಂಬುದು ಇಂಗ್ಲಿಷ್ ಸಾಹಿತ್ಯದ ಪಾಠ ಕೇಳಿದವರಿಗೆಲ್ಲ ಗೊತ್ತು. ಆದರೆ ಹ್ಯಾಂಪ್‌ಶೈರಿನ ಸ್ಟೀವೆಂಟನ್ ಎಂಬ ಸಣ್ಣ ಹಳ್ಳಿಯ ಚರ್ಚಿನ ಮದುವೆ ಪುಸ್ತಕ ತೆರೆದು ನೋಡಿದರೆ ಆಕೆಗೆ ಒಬ್ಬನಲ್ಲ, ಮೂವರು ಗಂಡಂದಿರು! ಲಂಡನ್ನಿನ ಹೆನ್ರಿ ಫ್ರೆಡರಿಕ್ ಹೊವಾರ್ಡ್ ಫಿಟ್ಸ್‌ವಿಲಿಯಂ ಎಂಬಾತನೊಡನೆ ಆಕೆಯ ಮದುವೆ ನಿಶ್ಚಯವಾದುದನ್ನು ಚರ್ಚಿನಲ್ಲಿ ಸಾರಿದ ದಾಖಲೆ ಅಲ್ಲಿದೆ. ಲಿವರ್‌ಪೂಲಿನ ಎಡ್ಮಂಡ್ ಆರ್ಥರ್ ವಿಲಿಯಂ ಮಾರ್ಟಿಮರ್ ಎಂಬಾತನೊಡನೆ ಮದುವೆಯೇ ಆಗಿಹೋಗಿದೆ. ಅದರ ಕೆಳಗೆ ಜಾಕ್ ಸ್ಮಿತ್ ಎಂಬ ಸಾದಾ ಹೆಸರಿನವನ ಜತೆ ಇನ್ನೊಂದು ಮದುವೆ. ಅದಕ್ಕೆ ಸಾಕ್ಷಿ ಹಾಕಿದವರು ಯಾರೆಂದರೆ ಆ ಗಂಡ ಹೆಂಡಿರೇ.

ಗುಟ್ಟು ಇಷ್ಟೆ. ಜೇನ್‌ಳ ತಂದೆ ಆ ಊರಿನ ಪಾದ್ರಿ. ಮದುವೆ ಪುಸ್ತಕದ ಮೊದಲಿಗೆ, ದಾಖಲೆಯನ್ನು ಹೇಗೆ ಭರ್ತಿ ಮಾಡಬೇಕೆಂದು ತೋರಿಸುವ ಮಾದರಿ ನಮೂನೆ ಅಚ್ಚಾಗಿತ್ತು. ಖಾಲಿ ಬಿಟ್ಟಿದ್ದ ಜಾಗ ಕಂಡ ಹುಡುಗಿ ತನಗೆ ಇಷ್ಟ ಬಂದ ವರರನ್ನು ಅದರಲ್ಲಿ ತುಂಬಿಬಿಟ್ಟಳು. ಮುಂದೆ ಆಕೆ ಹೆಸರಾಂತ ಲೇಖಕಿಯಾದ್ದರಿಂದ ಇದು ತಮಾಷೆಯೆಂದು ಲೋಕಕ್ಕೆ ತಿಳಿಯಿತು. ಯಾರಿಗೂ ಗೊತ್ತಿಲ್ಲದ ಹೆಣ್ಣೊಬ್ಬಳು ಹೀಗೆ ಬರೆದಿಟ್ಟು ಹೋಗಿದ್ದರೆ? ಇನ್ನೂರು ವರ್ಷಗಳ ಮೇಲೆ ಆಕೆಯ ಬಂಧುಗಳು ಲಿವರ್‌ಪೂಲಿನಲ್ಲಿ ಮಾರ್ಟಿಮರ್ ಮನೆತನವನ್ನು ಹುಡುಕುತ್ತ ವರ್ಷಗಟ್ಟಲೆ ಅಲೆಯುತ್ತಿದ್ದರು.

ಹಾಗೆ ಅಲೆಯುವವರ ಸಂಖ್ಯೆ ಈಗ ಸಣ್ಣದಲ್ಲ. ಇಂಗ್ಲೆಂಡಿನಲ್ಲಿರುವವರು, ಅಲ್ಲಿಂದ ವಲಸೆ ಹೋಗಿ ಆಸ್ಟ್ರೇಲಿಯಾ, ಕೆನಡಾ, ಅಮೆರಿಕಗಳಲ್ಲಿ ನೆಲೆಸಿದವರ ಸಂತತಿಯವರು ತಮ್ಮ ಮುತ್ತಜ್ಜ, ಅವನ ಅಜ್ಜ ಯಾರೆಂದು ತಿಳಿಯಲು ಹಳೆಯ ಕಡತಗಳ ಮೊರೆ ಹೋಗುತ್ತಾರೆ. ಶ್ರೀಮಂತರ ವಂಶಾವಳಿಯನ್ನು ಬರೆದಿಡಲು ಅಲ್ಲಿ ಹಿಂದಿನಿಂದಲೂ ಅರಸನೇ ನೇಮಿಸಿದ ಅಧಿಕಾರಿಗಳಿದ್ದರು. ಉಳುವವನ, ನೇಯುವವನ, ಕೂಲಿಯವನ ವಂಶವನ್ನು ಬರೆದಿಟ್ಟವರು ಯಾರೂ ಇಲ್ಲ. ಅಂಥವರ ಗುರುತು ಸಿಗುವುದು ಮುಖ್ಯವಾಗಿ ಮೂರು ಕಡೆ: ಪ್ಯಾರಿಷ್ ಚರ್ಚಿನ ಪುಸ್ತಕ, ಜನಗಣತಿಯ ಪುಸ್ತಕ ಮತ್ತು ಉಯಿಲಿನ ಕಡತ.

ಈ ಮೂರನ್ನು ಬರೆದವರ ಮನಸ್ಸಿನಲ್ಲೂ ಮುಂದಿನ ಮೊಮ್ಮಕ್ಕಳು ಇರಲಿಲ್ಲ. ಚರ್ಚಿಗೆ ಬೇಕಾಗಿದ್ದುದು ತನ್ನ ಮಂದೆಯ ಲೆಕ್ಕ. ಸರ್ಕಾರಕ್ಕೆ ಬೇಕಾಗಿದ್ದುದು ತಲೆಯೆಣಿಕೆ. ನ್ಯಾಯಾಲಯಕ್ಕೆ ಬೇಕಾಗಿದ್ದುದು ಆಸ್ತಿ ಯಾರಿಗೆ ಸೇರಬೇಕೆಂಬ ತೀರ್ಮಾನ. ಈ ಮೂವರಿಗೂ ಬೇಡವಾದ ಮನುಷ್ಯ ಕಾಗದದಲ್ಲಿ ಸಿಗುವುದಿಲ್ಲ. ಹುಡುಕಾಟದ ಕಷ್ಟವೂ ಇದೇ, ಸ್ವಾರಸ್ಯವೂ ಇದೇ.

ಎರಡು ಬೀಗದ ಪೆಟ್ಟಿಗೆ

ಮೊದಲ ಪುಸ್ತಕದ ಕಥೆ ಎಂಟನೆಯ ಹೆನ್ರಿಯ ಕಾಲಕ್ಕೆ ಹೋಗುತ್ತದೆ. ಪೋಪನ ಹಿಡಿತದಿಂದ ಇಂಗ್ಲೆಂಡಿನ ಚರ್ಚನ್ನು ಬಿಡಿಸಿಕೊಂಡ ದೊರೆಯ ಪರವಾಗಿ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರ ಸೆಪ್ಟೆಂಬರಿನಲ್ಲಿ ಒಂದು ಆಜ್ಞೆ ಹೊರಡಿಸಿದ. ಪ್ರತಿ ಪ್ಯಾರಿಷ್‌ನಲ್ಲೂ, ಅಂದರೆ ಒಂದು ಚರ್ಚಿನ ಸರಹದ್ದಿಗೆ ಸೇರಿದ ಪ್ರತಿ ಊರಿನಲ್ಲೂ, ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಪುಸ್ತಕದಲ್ಲಿ ಬರೆದಿಡಬೇಕು. ಭಾನುವಾರದ ಪ್ರಾರ್ಥನೆಯಾದ ಮೇಲೆ ಆ ವಾರದ್ದನ್ನೆಲ್ಲ ದಾಖಲಿಸಬೇಕು. ಪುಸ್ತಕವನ್ನು ಎರಡು ಬೀಗದ ಪೆಟ್ಟಿಗೆಯಲ್ಲಿಡಬೇಕು. ತಪ್ಪಿದರೆ ಮೂರು ಷಿಲಿಂಗ್ ನಾಲ್ಕು ಪೆನ್ಸ್ ದಂಡ. ಆ ಹಣ ಚರ್ಚಿನ ರಿಪೇರಿಗೆ.

ಜನ ಇದನ್ನು ಸಂತೋಷದಿಂದ ಒಪ್ಪಲಿಲ್ಲ. ಹುಟ್ಟಿಗೂ ಸಾವಿಗೂ ತೆರಿಗೆ ಹಾಕಲು ಅರಸ ಹೂಡಿದ ಉಪಾಯವಿದು ಎಂಬ ಗುಲ್ಲು ಹಬ್ಬಿತು. ಅವರ ಭಯ ಸುಳ್ಳೇನೂ ಆಗಲಿಲ್ಲ, ತಡವಾಯಿತಷ್ಟೆ. 1695ರಿಂದ ಹತ್ತಾರು ವರ್ಷ, ಮತ್ತೆ 1783ರಿಂದ 1794ರವರೆಗೆ ಇಂಥ ತೆರಿಗೆ ಬಂದೇ ಬಂತು. ಎರಡನೆಯ ಸಲ ಪುಸ್ತಕದ ಒಂದೊಂದು ದಾಖಲೆಗೂ ಮೂರು ಪೆನ್ಸ್. ಕಡುಬಡವರಿಗೆ ವಿನಾಯಿತಿ ಇದ್ದುದರಿಂದ ಅವರ ಹೆಸರಿನ ಪಕ್ಕದಲ್ಲಿ 'ಬಡವ' ಎಂಬುದನ್ನು ಸೂಚಿಸುವ ಒಂದಕ್ಷರ ಬರೆಯುತ್ತಿದ್ದರು. ಆ ಹನ್ನೊಂದು ವರ್ಷಗಳಲ್ಲಿ ಕೆಲವು ಊರುಗಳಲ್ಲಿ ಬಡವರ ಸಂಖ್ಯೆ ಇದ್ದಕ್ಕಿದ್ದಂತೆ ಏರಿದ್ದು ಕಾಣುತ್ತದೆ. ಕೆಲವರು ನಿಜವಾಗಿ ಬಡವರು. ಕೆಲವರಿಗೆ ಪಾದ್ರಿಯ ಕರುಣೆಯೂ ಇದ್ದಿರಬೇಕು.

ಮೊದಮೊದಲು ಬರೆದದ್ದು ಕಾಗದದ ಹಾಳೆಗಳ ಮೇಲೆ. ಒದ್ದೆ ಚರ್ಚಿನ ಗೋಡೆ, ಇಲಿ, ಅಸಡ್ಡೆ ಎಲ್ಲ ಸೇರಿ ಅವು ಹಾಳಾಗತೊಡಗಿದವು. 1598ರಲ್ಲಿ ಎಲಿಜಬೆತ್ ರಾಣಿಯ ಸರ್ಕಾರ, ಹಳೆಯದನ್ನೆಲ್ಲ ಚರ್ಮದ ಹಾಳೆಗಳ ಪುಸ್ತಕಕ್ಕೆ ನಕಲು ಮಾಡಬೇಕೆಂದೂ ವರ್ಷಕ್ಕೊಮ್ಮೆ ಒಂದು ಪ್ರತಿಯನ್ನು ಬಿಷಪ್‌ನ ಕಚೇರಿಗೆ ಕಳಿಸಬೇಕೆಂದೂ ಕಟ್ಟಪ್ಪಣೆ ಮಾಡಿತು. ಆದರೆ ಆ ಆಜ್ಞೆಯಲ್ಲಿ 'ವಿಶೇಷವಾಗಿ ರಾಣಿಯ ಪಟ್ಟವಾದ ಮೇಲಿನದು' ಎಂಬರ್ಥದ ಮಾತೊಂದು ಸೇರಿಕೊಂಡಿತ್ತು. ಸೋಮಾರಿ ಪಾದ್ರಿಗಳಿಗೆ ಅಷ್ಟೇ ಸಾಕಾಯಿತು. ಮೊದಲ ಇಪ್ಪತ್ತು ವರ್ಷಗಳನ್ನು ಬಿಟ್ಟು 1558ರಿಂದ ನಕಲು ಮಾಡಿದರು. ಇಂಗ್ಲೆಂಡಿನ ಎಷ್ಟೋ ಊರುಗಳ ಪುಸ್ತಕ ಇಂದಿಗೂ ಅದೇ ವರ್ಷದಿಂದ ಆರಂಭವಾಗಲು ಕಾರಣ ಈ ಒಂದು ಮಾತು.

ಶೇಕ್ಸ್‌ಪಿಯರನ ಊರಾದ ಸ್ಟ್ರಾಟ್‌ಫರ್ಡಿನ ಪುಸ್ತಕವೂ ಹೀಗೆ ನಕಲಾದದ್ದೇ. ಅದರಲ್ಲಿ 1564ರ ಏಪ್ರಿಲ್ 26ರಂದು ಜಾನನ ಮಗ ವಿಲಿಯಂನ ದೀಕ್ಷಾಸ್ನಾನ ದಾಖಲಾಗಿದೆ. ಹುಟ್ಟಿದ ದಿನ ಎಲ್ಲಿಯೂ ಇಲ್ಲ; ಏಪ್ರಿಲ್ 23 ಎಂದು ಲೋಕ ಆಚರಿಸುವುದು ಊಹೆಯ ಮೇಲೆ. ಅದೇ ವರ್ಷ ಜುಲೈ 11ರಂದು ಸತ್ತವರ ಪಟ್ಟಿಯಲ್ಲಿ ಒಬ್ಬ ಕೆಲಸ ಕಲಿಯುವ ಹುಡುಗನ ಹೆಸರಿನ ಪಕ್ಕದಲ್ಲಿ, ಪ್ಲೇಗು ಇಲ್ಲಿಂದ ಶುರುವಾಯಿತು ಎಂಬರ್ಥದ ಮೂರು ಲ್ಯಾಟಿನ್ ಶಬ್ದಗಳಿವೆ. ಎರಡೂವರೆ ತಿಂಗಳ ಕೂಸಾಗಿದ್ದ ವಿಲಿಯಂ ಉಳಿದುಕೊಂಡ. ಅವನ ಮಗ ಹ್ಯಾಮ್ನೆಟ್‌ನಿಗೆ ಆ ಅದೃಷ್ಟವಿರಲಿಲ್ಲ. 1585ರ ಫೆಬ್ರುವರಿ 2ರಂದು ಅವಳಿ ತಂಗಿ ಜುಡಿತ್‌ಳೊಂದಿಗೆ ದೀಕ್ಷಾಸ್ನಾನ. 1596ರ ಆಗಸ್ಟ್ 11ರಂದು ಮಣ್ಣು. ಹನ್ನೊಂದು ವರ್ಷದ ಆ ಹುಡುಗ ಏನಾಗಿ ಸತ್ತನೆಂದು ಬರೆಯುವ ಅಗತ್ಯ ಚರ್ಚಿಗೆ ಕಾಣಲಿಲ್ಲ. ಜಗತ್ತಿನ ಅತಿ ಪ್ರಸಿದ್ಧ ನಾಟಕಕಾರನ ಒಬ್ಬನೇ ಮಗನ ಬಗ್ಗೆ ಖಚಿತವಾಗಿ ತಿಳಿದಿರುವುದು ಹೆಚ್ಚು ಕಡಿಮೆ ಈ ಎರಡು ಸಾಲು ಮಾತ್ರ.

ದಾಖಲೆ ಬರೆಯುವವನ ಸ್ವಭಾವದ ಮೇಲೆ ಎಲ್ಲವೂ ನಿಂತಿತ್ತು. ಯಾರ್ಕ್‌ಷೈರಿನ ಮಾರ್ಟನ್ ಎಂಬಲ್ಲಿ 1728ರ ನವೆಂಬರ್ 3ರಂದು ದೀಕ್ಷಾಸ್ನಾನ ಪಡೆದ ಜೇಮ್ಸ್ ಕುಕ್ ಎಂಬ ಮಗುವಿನ ತಂದೆ 'ದಿನಗೂಲಿ' ಎಂದು ಅಲ್ಲಿನ ಪುಸ್ತಕ ಹೇಳುತ್ತದೆ. ಮುಂದೆ ಪೆಸಿಫಿಕ್ ಸಾಗರವನ್ನೆಲ್ಲ ಅಳೆದ ನಾವಿಕ ಕ್ಯಾಪ್ಟನ್ ಕುಕ್ ಈತನೇ. ಆ ಒಂದು ಶಬ್ದ ಬರೆಯದೆ ಹೋಗಿದ್ದರೂ ಯಾರೂ ಕೇಳುತ್ತಿರಲಿಲ್ಲ. ತಾಯಿಯ ಹೆಸರನ್ನೇ ಬಿಟ್ಟು, ತಂದೆಯ ಹೆಸರಿಗೇ ಮುಗಿಸಿದ ಪಾದ್ರಿಗಳು ಲೆಕ್ಕವಿಲ್ಲದಷ್ಟು ಮಂದಿ.

ಹೊಸಬರನ್ನು ಎಡವಿಸುವ ಇನ್ನೊಂದು ಸಂಗತಿ ಪಂಚಾಂಗದ್ದು. ಅಂದಿನ ಇಂಗ್ಲೆಂಡಿನಲ್ಲಿ ವರ್ಷ ಬದಲಾಗುತ್ತಿದ್ದುದು ಜನವರಿ 1ಕ್ಕಲ್ಲ, ಮಾರ್ಚ್ 25ಕ್ಕೆ. ಆದ್ದರಿಂದ 1648ರ ಏಪ್ರಿಲ್‌ನಲ್ಲಿ ದೀಕ್ಷಾಸ್ನಾನವಾದ ಮಗುವನ್ನು 1648ರ ಫೆಬ್ರುವರಿಯಲ್ಲಿ ಮಣ್ಣು ಮಾಡಿದರು ಎಂದಿದ್ದರೆ ಅದು ಬರೆದವನ ತಪ್ಪಲ್ಲ; ಮಗು ಹತ್ತು ತಿಂಗಳು ಬದುಕಿತ್ತು. ಒಂದನೆಯ ಚಾರ್ಲ್ಸ್ ದೊರೆಯ ತಲೆ ಕಡಿದದ್ದು ಈಗಿನ ಲೆಕ್ಕಕ್ಕೆ 1649ರ ಜನವರಿ 30. ಅದನ್ನು ಕಣ್ಣಾರೆ ಕಂಡವರ ಲೆಕ್ಕಕ್ಕೆ 1648. ಈ ಪದ್ಧತಿ ಹೋದದ್ದು 1752ರಲ್ಲಿ. ಆ ವರ್ಷ ಸೆಪ್ಟೆಂಬರ್ 2ರ ಮರುದಿನವೇ ಸೆಪ್ಟೆಂಬರ್ 14 ಆಯಿತು. ಇದಲ್ಲದೆ 1640ರ ದಶಕದ ಅಂತರ್ಯುದ್ಧ ಮತ್ತು ಅದರ ನಂತರದ ಗಣರಾಜ್ಯದ ಕಾಲದಲ್ಲಿ ಎಷ್ಟೋ ಊರುಗಳ ಪುಸ್ತಕ ಬರಿದು. ಅಲ್ಲಿ ದಾರ ಕಡಿದರೆ ಮತ್ತೆ ಹಿಡಿಯುವುದು ಕಷ್ಟ.

ಸತ್ತವರನ್ನು ಉಣ್ಣೆಯ ಬಟ್ಟೆಯಲ್ಲೇ ಸುತ್ತಿ ಹೂಳಬೇಕೆಂಬ ಕಾಯ್ದೆಯೂ ಒಂದು ಕಾಲಕ್ಕೆ ಅಲ್ಲಿತ್ತು. ದೇಶದ ಉಣ್ಣೆ ವ್ಯಾಪಾರ ಬೆಳೆಯಲಿ ಎಂಬುದು ಉದ್ದೇಶ. ತಪ್ಪಿದರೆ ಐದು ಪೌಂಡ್ ದಂಡ; ಅದರಲ್ಲಿ ಅರ್ಧ ಸುಳಿವು ಕೊಟ್ಟವನಿಗೆ. ಸಿರಿವಂತರು ನಾರುಬಟ್ಟೆಯಲ್ಲೇ ಹೂಳಿ, ಮನೆಯವರೊಬ್ಬರಿಂದಲೇ ದೂರು ಕೊಡಿಸಿ ಅರ್ಧ ದಂಡ ಉಳಿಸಿಕೊಳ್ಳುತ್ತಿದ್ದರು. ಪುಸ್ತಕದಲ್ಲಿ ಹೆಸರಿನ ಮುಂದೆ 'ಉಣ್ಣೆಯಲ್ಲಿ' ಎಂದೋ 'ಪ್ರಮಾಣವಾಗಿದೆ' ಎಂದೋ ಇದ್ದರೆ ಅದರ ಅರ್ಥ ಇದು.

1812ರ ಕಾಯ್ದೆ ಎಲ್ಲ ಊರಿಗೂ ಒಂದೇ ಬಗೆಯ ಅಚ್ಚಿನ ನಮೂನೆ ತಂದಿತು. ಸುಳ್ಳು ದಾಖಲೆ ಬರೆದವನಿಗೆ ಹದಿನಾಲ್ಕು ವರ್ಷ ಗಡೀಪಾರು ಎಂದು ಅದರಲ್ಲಿತ್ತು. ಕಾಯ್ದೆಯಡಿ ಬರುವ ದಂಡದಲ್ಲಿ ಅರ್ಧ ಸುಳಿವು ಕೊಟ್ಟವನಿಗೆ, ಇನ್ನರ್ಧ ಊರಿನ ಬಡವರಿಗೆ ಎಂದೂ ಇತ್ತು. ಅಕ್ಷರಶಃ ಓದಿದರೆ ಏಳು ವರ್ಷ ಗಡೀಪಾರು ಸುಳಿವು ಕೊಟ್ಟವನ ಪಾಲಿಗೆ, ಏಳು ವರ್ಷ ಬಡವರ ಪಾಲಿಗೆ!

ಕತ್ತರಿ ಗುರುತು

ಸ್ಟೀವೆಂಟನ್‌ನ ಹುಡುಗಿಗೆ ತಮಾಷೆಗೆ ಸಿಕ್ಕ ಅಚ್ಚಿನ ನಮೂನೆ ಹುಟ್ಟಿದ್ದು 1753ರ ಮದುವೆ ಕಾಯ್ದೆಯಿಂದ. ಅದಕ್ಕೆ ಮುಂಚೆ ಗುಟ್ಟಿನ ಮದುವೆಗಳ ಹಾವಳಿ ವಿಪರೀತವಾಗಿತ್ತು. ಲಂಡನ್ನಿನ ಫ್ಲೀಟ್ ಜೈಲಿನ ಸುತ್ತಮುತ್ತ, ಹಣ ಕೊಟ್ಟರೆ ಯಾರಿಗೆ ಬೇಕಾದರೂ ಮದುವೆ ಮಾಡಿಸುವ ಪಾದ್ರಿಗಳೇ ಇದ್ದರು. 1754ರ ಮಾರ್ಚ್ 25ರಿಂದ ಚರ್ಚಿನಲ್ಲಿ ಸಾರಿ ಅಥವಾ ಪರವಾನಗಿ ಪಡೆದು ಮದುವೆಯಾಗುವುದು ಕಡ್ಡಾಯವಾಯಿತು. ವಧೂವರರೂ ಇಬ್ಬರು ಸಾಕ್ಷಿಗಳೂ ಸಹಿ ಹಾಕಬೇಕಾಯಿತು. ಕ್ವೇಕರರು, ಯೆಹೂದಿಗಳಿಗೆ ಮಾತ್ರ ವಿನಾಯಿತಿ.

ಇಲ್ಲಿಂದ ಮುಂದೆ ಕೂಲಿಯವನ ಕೈ ಮೊದಲ ಬಾರಿಗೆ ಕಾಗದವನ್ನು ಮುಟ್ಟುತ್ತದೆ. ಬರೆಯಲು ಬಾರದವರು ನಮ್ಮಲ್ಲಿ ಹೆಬ್ಬೆಟ್ಟು ಒತ್ತಿದಂತೆ ಅಲ್ಲಿ ಕತ್ತರಿ ಗುರುತು ಹಾಕುತ್ತಿದ್ದರು. 1750ರ ದಶಕದಲ್ಲಿ ಗಂಡಸರಲ್ಲಿ ಹತ್ತಕ್ಕೆ ಸುಮಾರು ನಾಲ್ವರು, ಹೆಂಗಸರಲ್ಲಿ ಹತ್ತಕ್ಕೆ ಆರಕ್ಕೂ ಹೆಚ್ಚು ಮಂದಿ ಹಾಕಿದ್ದು ಈ ಗುರುತನ್ನೇ. ಮುತ್ತಜ್ಜಿಯ ಹೆಸರನ್ನು ಹುಡುಕುತ್ತ ಬಂದವರು ಪಾದ್ರಿಯ ಅಂದದ ಅಕ್ಷರಗಳ ನಡುವೆ ಈ ಎರಡು ಓರೆ ಗೆರೆಗಳನ್ನು ಕಂಡಾಗ ಸ್ವಲ್ಪ ಹೊತ್ತು ಮುಂದೆ ಹೋಗುವುದಿಲ್ಲ. ಆಕೆಯ ಕೈಯಿಂದ ಉಳಿದಿರುವುದು ಅಷ್ಟೇ.

ಆದರೆ ಯಾರಿಗೂ ಹೊರೆಯಾಗದೆ ದುಡಿದು ಸತ್ತವನ ಬಗ್ಗೆ ಮೂರೇ ಸಾಲು ಸಿಗುತ್ತದೆ: ದೀಕ್ಷಾಸ್ನಾನ, ಮದುವೆ, ಮಣ್ಣು. ಕಷ್ಟಕ್ಕೆ ಸಿಕ್ಕಿ ಊರಿನ ಮುಂದೆ ಕೈಯೊಡ್ಡಿದವನ ಬಗ್ಗೆ ಪುಟಗಟ್ಟಲೆ ಸಿಗುತ್ತದೆ. 1662ರ ಕಾಯ್ದೆಯ ಪ್ರಕಾರ ಬಡವನನ್ನು ಸಾಕುವ ಹೊಣೆ ಅವನು ಸೇರಿದ ಪ್ಯಾರಿಷ್‌ನದು. ಹೀಗಾಗಿ ಪ್ರತಿ ಊರಿಗೂ ಅವನು ತನ್ನವನಲ್ಲ ಎಂದು ತೋರಿಸುವ ಆತುರ. ನ್ಯಾಯಾಧಿಕಾರಿಗಳ ಮುಂದೆ ನಿಲ್ಲಿಸಿ, ಎಲ್ಲಿ ಹುಟ್ಟಿದೆ, ಯಾರ ಮನೆಯಲ್ಲಿ ಎಷ್ಟು ವರ್ಷ ಆಳಾಗಿದ್ದೆ, ಸಂಬಳವೆಷ್ಟು, ಹೆಂಡತಿ ಯಾವ ಊರಿನವಳು, ಮಕ್ಕಳೆಷ್ಟು ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. ಯಾವ ಊರಿಗೆ ಅಟ್ಟಬೇಕೆಂದು ತಿಳಿಯಲು ಮಾಡಿದ ಈ ವಿಚಾರಣೆಗಳೇ ಇಂದು ಎಷ್ಟೋ ಕುಟುಂಬಗಳಿಗೆ ತಮ್ಮ ಪೂರ್ವಜನ ಏಕೈಕ ಜೀವನಚರಿತ್ರೆ. ಮದುವೆಯಾಗದ ಬಸುರಿಯನ್ನೂ ಹೀಗೆಯೇ ನಿಲ್ಲಿಸಿ ಮಗುವಿನ ತಂದೆಯ ಹೆಸರು ಹೇಳುವಂತೆ ಒತ್ತಾಯಿಸುತ್ತಿದ್ದರು. ಮಗುವಿನ ಖರ್ಚು ಊರಿನ ಮೇಲೆ ಬೀಳಬಾರದೆಂದು ಅವನಿಂದ ಮುಚ್ಚಳಿಕೆ ಬರೆಸಿಕೊಳ್ಳುತ್ತಿದ್ದರು.

ತಂದೆಯ ಹೆಸರು ಪುಸ್ತಕದಲ್ಲಿ ಬಾರದ ಕಡೆ ತಾಯಂದಿರು ಬೇರೆ ದಾರಿ ಹುಡುಕಿದ್ದುಂಟು. ಅಪ್ಪನ ಮನೆತನದ ಹೆಸರನ್ನೇ ಮಗುವಿನ ಮೊದಲ ಹೆಸರಾಗಿ ಇಟ್ಟುಬಿಡುವುದು. ಹೆಲ್ಪ್‌ಸ್ಟನ್ ಊರಿನ ಕೂಲಿಕಾರ ಕವಿ ಜಾನ್ ಕ್ಲೇರ್‌ನ ತಂದೆಯ ಹೆಸರು ಪಾರ್ಕರ್ ಕ್ಲೇರ್. ಪಾರ್ಕರ್ ಎಂಬುದು ಆ ಊರಿಗೆ ಬಂದು ಹೋದ ಸ್ಕಾಟ್ಲೆಂಡಿನ ಶಾಲಾ ಮಾಸ್ತರನ ಮನೆತನದ ಹೆಸರು. ಅವನನ್ನು ನಂಬಿ ಕೆಟ್ಟವಳು ಆ ಚರ್ಚಿನ ಗುಮಾಸ್ತನ ಮಗಳು ಆಲಿಸ್ ಕ್ಲೇರ್. ಮಾಸ್ತರ ಪರಾರಿಯಾದ, ಅವನ ಹೆಸರು ಮಗನ ಹೆಸರಿನಲ್ಲಿ ಉಳಿಯಿತು. ಇಂಗ್ಲೆಂಡಿನ ಹಳೆಯ ಪುಸ್ತಕಗಳಲ್ಲಿ ವಿಚಿತ್ರವಾದ ಮೊದಲ ಹೆಸರು ಕಂಡರೆ ಅನುಭವಸ್ಥರು ಅಲ್ಲಿ ನಿಂತು ಎರಡು ಸಲ ನೋಡುತ್ತಾರೆ.

ಎರಡನೆಯ ದರ್ಜೆಯ ಮಂಚ

ಉಯಿಲು ಬರೆದವರು ಒಟ್ಟು ಜನರಲ್ಲಿ ಸ್ವಲ್ಪ ಮಂದಿ ಮಾತ್ರ. ಆಸ್ತಿಯಿದ್ದ ಗಂಡಸರು, ವಿಧವೆಯರು, ಮದುವೆಯಾಗದ ಹೆಂಗಸರು. ಗಂಡನಿದ್ದ ಹೆಣ್ಣು ಅವನ ಒಪ್ಪಿಗೆಯಿಲ್ಲದೆ ಉಯಿಲು ಬರೆಯುವಂತಿರಲಿಲ್ಲ. 1882ರ ಕಾಯ್ದೆ ಬಂದ ಮೇಲೆಯೇ ಆ ಸ್ಥಿತಿ ಬದಲಾದದ್ದು. 1858ರ ಜನವರಿ 12ರವರೆಗೆ ಉಯಿಲುಗಳನ್ನು ಊರ್ಜಿತಗೊಳಿಸುವ ಅಧಿಕಾರವಿದ್ದುದು ಚರ್ಚಿನ ನ್ಯಾಯಾಲಯಗಳಿಗೆ. ಅಂಥವು ಇನ್ನೂರಕ್ಕೂ ಹೆಚ್ಚು. ಎಲ್ಲಕ್ಕೂ ಮೇಲಿನದು ಕ್ಯಾಂಟರ್‌ಬರಿ ಆರ್ಚ್‌ಬಿಷಪ್‌ನ ನ್ಯಾಯಾಲಯ. 1384ರಿಂದಾಚೆಗಿನ ಅದರ ಉಯಿಲುಗಳ ನಕಲುಗಳು ಈಗ ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ದಾಖಲೆ ಸಂಗ್ರಹಾಲಯದಲ್ಲಿವೆ. 1858ರಿಂದ ಈ ಕೆಲಸ ಸರ್ಕಾರದ ನ್ಯಾಯಾಲಯಕ್ಕೆ ಬಂತು. ವರ್ಷಕ್ಕೊಂದರಂತೆ ಅಕಾರಾದಿ ಪಟ್ಟಿ ಅಚ್ಚಾಗತೊಡಗಿತು. ಸತ್ತವನ ಹೆಸರು, ಊರು, ಸತ್ತ ದಿನ, ಆಸ್ತಿಯ ಮೌಲ್ಯ ಎಲ್ಲ ಒಂದೇ ಕಡೆ.

ಹಳೆಯ ಉಯಿಲಿನ ಜತೆ ಕೆಲವೊಮ್ಮೆ ಮನೆ ಸಾಮಾನಿನ ಪಟ್ಟಿಯೂ ಇರುತ್ತದೆ. ಸತ್ತವನ ಮನೆಗೆ ನೆರೆಹೊರೆಯ ಇಬ್ಬರು ಮೂವರು ಬಂದು, ಕೋಣೆಯಿಂದ ಕೋಣೆಗೆ ನಡೆದು, ಹಾಸಿಗೆ, ಹಿತ್ತಾಳೆ ಪಾತ್ರೆ, ನೂಲುವ ರಾಟೆ, ಕೋಳಿ, ಹಂದಿ, ಹೊಲದಲ್ಲಿ ನಿಂತ ಪೈರು ಎಲ್ಲದಕ್ಕೂ ಬೆಲೆ ಕಟ್ಟಿ ಬರೆದ ಪಟ್ಟಿ. ಹದಿನಾರು, ಹದಿನೇಳನೆಯ ಶತಮಾನದ ರೈತನ ಮನೆಯೊಳಗೆ ಕಾಲಿಡಲು ಇದಕ್ಕಿಂತ ಒಳ್ಳೆಯ ಬಾಗಿಲು ಇಲ್ಲ.

ಶೇಕ್ಸ್‌ಪಿಯರ್ ತನ್ನ ಉಯಿಲಿನಲ್ಲಿ ಹೆಂಡತಿಗೆ ಬಿಟ್ಟದ್ದು 'ಎರಡನೆಯ ದರ್ಜೆಯ ಮಂಚ'. ಅದೂ ಸಾಲುಗಳ ನಡುವೆ ಆಮೇಲೆ ಸೇರಿಸಿ ಬರೆದದ್ದು. ಗಂಡ ಹೆಂಡಿರಿಗೆ ಸರಿಯಿರಲಿಲ್ಲ ಎಂದು ಇದರ ಮೇಲೆ ಕಟ್ಟಿದ ಕಥೆಗಳು ಬಹಳ. ವಿಧವೆಗೆ ಕಾನೂನು ಪ್ರಕಾರವೇ ಪಾಲು ಇತ್ತು, ಮೊದಲ ದರ್ಜೆಯ ಮಂಚ ಅತಿಥಿಗಳಿಗೆ ಮೀಸಲಾಗಿತ್ತು ಎನ್ನುವ ವಿದ್ವಾಂಸರೂ ಇದ್ದಾರೆ. ಮಗನಿಗೆ ಒಂದು ಷಿಲಿಂಗ್ ಬಿಟ್ಟಿದ್ದರೆ ಅವನನ್ನು ಮನೆಯಿಂದ ಹೊರಹಾಕಿದ್ದರು ಎಂದು ತಿಳಿಯುವುದೂ ಇಂಥದೇ ಆತುರ. ಮದುವೆಯ ಹೊತ್ತಿನಲ್ಲೋ ಅಂಗಡಿ ಹಾಕುವಾಗಲೋ ಅವನ ಪಾಲು ಅವನಿಗೆ ಸಂದಿರಬಹುದು.

ಶೇಕ್ಸ್‌ಪಿಯರನ ಮದುವೆಯ ಕಾಗದಗಳೇ ಇನ್ನೊಂದು ಪಾಠ. ವೂಸ್ಟರ್ ಬಿಷಪ್‌ನ ಪುಸ್ತಕದಲ್ಲಿ 1582ರ ನವೆಂಬರ್ 27ರಂದು ಅವನಿಗೆ ಪರವಾನಗಿ ಕೊಟ್ಟದ್ದು ಟೆಂಪಲ್ ಗ್ರಾಫ್ಟನ್‌ನ ಆನ್ ವೇಟ್ಲಿ ಎಂಬವಳನ್ನು ಮದುವೆಯಾಗಲು. ಮರುದಿನದ ಮುಚ್ಚಳಿಕೆಯಲ್ಲಿ ವಧು ಸ್ಟ್ರಾಟ್‌ಫರ್ಡಿನ ಆನ್ ಹ್ಯಾಥವೇ. ಒಂದೇ ರಾತ್ರಿಯಲ್ಲಿ ವಧು ಬದಲಾದಳೆಂದು ನಂಬಿ ಪುಸ್ತಕ ಬರೆದವರೂ ಇದ್ದಾರೆ! ಅದೇ ದಿನ ಆ ಕಚೇರಿಯಲ್ಲಿ ವೇಟ್ಲಿ ಎಂಬ ಬೇರೊಬ್ಬನ ವ್ಯಾಜ್ಯವೂ ಇತ್ತು. ಗುಮಾಸ್ತನ ಕೈ ತಪ್ಪಿತೆಂಬುದು ಹೆಚ್ಚಿನವರ ಅಭಿಪ್ರಾಯ.

ಜೇನ್ ಆಸ್ಟೆನ್ 1817ರ ಏಪ್ರಿಲ್ 27ರಂದು ತನ್ನ ಉಯಿಲನ್ನು ತಾನೇ ಬರೆದಳು. ಬಹುತೇಕ ಎಲ್ಲವೂ ಅಕ್ಕ ಕಸಾಂಡ್ರಾಳಿಗೆ. ಸಾಕ್ಷಿ ಹಾಕಿಸಿರಲಿಲ್ಲ. ಜುಲೈನಲ್ಲಿ ಆಕೆ ತೀರಿಕೊಂಡ ಮೇಲೆ ಪರಿಚಯದ ಇಬ್ಬರು ಬಂದು, ಇದು ಆಕೆಯದೇ ಕೈಬರಹ ಎಂದು ಪ್ರಮಾಣ ಮಾಡಬೇಕಾಯಿತು. ಮದುವೆ ಪುಸ್ತಕದಲ್ಲಿ ಮೂವರು ಗಂಡಂದಿರನ್ನು ಬರೆದಿದ್ದ ಅದೇ ಕೈ.

1942ರ ಮೇ ತಿಂಗಳಲ್ಲಿ ಜರ್ಮನ್ ವಿಮಾನಗಳು ಎಕ್ಸಿಟರ್ ನಗರದ ಮೇಲೆ ಬಾಂಬು ಹಾಕಿದಾಗ ಅಲ್ಲಿದ್ದ ಡೆವನ್ ಕೌಂಟಿಯ ಹಳೆಯ ಉಯಿಲುಗಳಲ್ಲಿ ಬಹುಪಾಲು ಸುಟ್ಟುಹೋದವು. ಪೂರ್ವಜರು ಡೆವನ್‌ನವರು ಎಂದರೆ ಸಂಶೋಧಕರು ಈಗಲೂ ನಿಟ್ಟುಸಿರು ಬಿಡುತ್ತಾರೆ.

ಬೀರುವಿನಲ್ಲಿ ಅಡಗಿದವಳು

ಜನಗಣತಿಗೂ ಮೊದಲು ವಿರೋಧವೇ ಎದುರಾಯಿತು. 1753ರಲ್ಲಿ ಮಸೂದೆ ಬಂದಾಗ ಯಾರ್ಕಿನ ಸಂಸತ್ ಸದಸ್ಯ ವಿಲಿಯಂ ಥಾರ್ನ್‌ಟನ್, ಇದು ಇಂಗ್ಲಿಷರಿಗೆ ಉಳಿದ ಸ್ವಾತಂತ್ರ್ಯವನ್ನೂ ಕಸಿಯುತ್ತದೆ ಎಂದು ಸಿಡಿದೆದ್ದ. ಬೈಬಲಿನ ದಾವೀದ ರಾಜ ಜನರನ್ನು ಎಣಿಸಿದ್ದಕ್ಕೆ ಮಾರಿ ಬಂದದ್ದನ್ನು ನೆನೆದು ಹೆದರಿದವರೂ ಇದ್ದರು. ಮಸೂದೆ ಬಿದ್ದಿತು. ಅರ್ಧ ಶತಮಾನದ ಮೇಲೆ, ಜನಸಂಖ್ಯೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬ ವಾದ ಬಿಸಿಯಾಗಿದ್ದಾಗ, 1801ರ ಮಾರ್ಚ್ 10ರಂದು ಮೊದಲ ಎಣಿಕೆ ನಡೆಯಿತು. ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಸುಮಾರು 89 ಲಕ್ಷ. ಆದರೆ ಸರ್ಕಾರಕ್ಕೆ ಹೆಸರುಗಳು ಬೇಕಿರಲಿಲ್ಲ.

ಹೆಸರು ಬಂದದ್ದು 1841ರಲ್ಲಿ. 1837ರ ಜುಲೈ 1ರಿಂದ ಜನನ, ಮರಣ, ವಿವಾಹಗಳ ಸರ್ಕಾರಿ ನೋಂದಣಿ ಆರಂಭವಾಗಿದ್ದರಿಂದ ಎಣಿಕೆಗೂ ಅದೇ ಇಲಾಖೆಯ ಜಾಲ ಸಿಕ್ಕಿತು. 1841ರ ಪುಸ್ತಕ ನೋಡುವವರಿಗೆ ಒಂದು ಎಚ್ಚರಿಕೆ ಅಗತ್ಯ. ಹದಿನೈದು ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯಲು ಹೇಳಿದ್ದರು. 44 ವರ್ಷದವನು 40 ಆಗುತ್ತಾನೆ. ಊರಿನ ಬದಲು, ಇದೇ ಕೌಂಟಿಯಲ್ಲಿ ಹುಟ್ಟಿದನೇ ಇಲ್ಲವೇ ಎಂದಷ್ಟೇ ಪ್ರಶ್ನೆ. ನಿಜವಾದ ನಿಧಿ 1851ರ ಮಾರ್ಚ್ 30ರ ಗಣತಿ. ಯಜಮಾನನಿಗೆ ಏನು ಸಂಬಂಧ, ಸರಿಯಾದ ವಯಸ್ಸು, ಕಸುಬು, ಹುಟ್ಟಿದ ಪ್ಯಾರಿಷ್ ಎಲ್ಲವೂ ಅಲ್ಲುಂಟು. ಹುಟ್ಟಿದ ಊರು ಸಿಕ್ಕಿತೆಂದರೆ ಆ ಊರಿನ ಎರಡು ಬೀಗದ ಪೆಟ್ಟಿಗೆಯ ದಾರಿ ತೆರೆಯಿತು. ಹಾಗೆ ನೋಡಿದರೆ ಹುಡುಕಾಟದ ಸೇತುವೆ ಇದೇ.

ಗಣತಿಯ ರಾತ್ರಿ ಯಾರು ಎಲ್ಲಿ ಮಲಗಿದ್ದರೋ ಅಲ್ಲೇ ಲೆಕ್ಕ. ಕವಿ ಕ್ಲೇರ್ 1841ರ ಜೂನ್ 6ರ ರಾತ್ರಿ ಇದ್ದುದು ಹೆಂಡತಿ ಮಕ್ಕಳ ಜತೆಯಲ್ಲಲ್ಲ, ಎಪ್ಪಿಂಗ್ ಕಾಡಿನ ಮಾನಸಿಕ ಚಿಕಿತ್ಸಾಲಯದಲ್ಲಿ. ಮುಂದಿನ ತಿಂಗಳು ಅಲ್ಲಿಂದ ಹೊರಟು ನಾಲ್ಕು ದಿನ ನಡೆದು ಮನೆ ಮುಟ್ಟಿದ. ವರ್ಷ ಕಳೆಯುವ ಮೊದಲೇ ನಾರ್ಥಾಂಪ್ಟನ್‌ನ ಆಸ್ಪತ್ರೆಗೆ ಸೇರಿಸಿದರು. ಮುಂದಿನ ಎರಡು ಗಣತಿಗಳೂ ಅವನನ್ನು ಕಂಡದ್ದು ಆ ಗೋಡೆಗಳ ನಡುವೆ. 1864ರಲ್ಲಿ ಸತ್ತ ಮೇಲೆಯೇ ಅವನು ಹೆಲ್ಪ್‌ಸ್ಟನ್‌ನ ಚರ್ಚಿಗೆ ಮರಳಿದ್ದು.

1911ರ ಏಪ್ರಿಲ್ 2ರ ಗಣತಿಯನ್ನು ಮತದಾನದ ಹಕ್ಕಿಗೆ ಹೋರಾಡುತ್ತಿದ್ದ ಹೆಂಗಸರು ಬಹಿಷ್ಕರಿಸಿದರು. ಮತಕ್ಕೆ ಲೆಕ್ಕವಿಲ್ಲದ ನಾವು ಗಣತಿಗೆ ಮಾತ್ರ ಏಕೆ ಲೆಕ್ಕ ಎಂಬುದು ಅವರ ವಾದ. ಎಷ್ಟೋ ಮಂದಿ ರಾತ್ರಿಯಿಡೀ ಮನೆಯ ಹೊರಗೇ ಕಳೆದರು. ಎಮಿಲಿ ವೈಲ್ಡಿಂಗ್ ಡೇವಿಸನ್ ಎಂಬಾಕೆ ತನ್ನ ಆ ರಾತ್ರಿಯ ವಿಳಾಸ ಸಂಸತ್ ಭವನ ಎಂದು ಬರೆಸಬೇಕೆಂದೇ, ಅಲ್ಲಿನ ನೆಲಮಾಳಿಗೆಯ ಪ್ರಾರ್ಥನಾ ಮಂದಿರದ ಬೀರುವಿನಲ್ಲಿ ಅಡಗಿ ಕುಳಿತಳು. ಮರುದಿನ ಸಿಕ್ಕಿಬಿದ್ದಳು, ವೆಸ್ಟ್‌ಮಿನ್‌ಸ್ಟರಿನ ಲೆಕ್ಕಕ್ಕೆ ಸೇರಿದಳು. ಇತ್ತ ಬಾಡಿಗೆ ಕೋಣೆಯ ಲೆಕ್ಕದಲ್ಲೂ ಆಕೆಯ ಹೆಸರು ಬಂತು. ಎಣಿಕೆಯೇ ಬೇಡವೆಂದವಳನ್ನು ಎರಡು ಸಲ ಎಣಿಸಿದಂತಾಯಿತು. ಎರಡು ವರ್ಷಗಳ ಮೇಲೆ, 1913ರ ಜೂನ್‌ನಲ್ಲಿ, ಎಪ್ಸಮ್ ಡರ್ಬಿ ಪಂದ್ಯದಲ್ಲಿ ಅರಸನ ಕುದುರೆಯ ಕಾಲಿಗೆ ಸಿಕ್ಕಿ ಸತ್ತ ಹೋರಾಟಗಾರ್ತಿ ಈಕೆಯೇ.

ಗಣತಿ ಪುಸ್ತಕದಲ್ಲಿ ಗಂಡನಿಲ್ಲದ ಮನೆಗಳ ಕಥೆಯೂ ಇದೆ. ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನಲ್ಲಿ ತವರ ಮತ್ತು ತಾಮ್ರದ ಗಣಿಗಳು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಒಂದೊಂದಾಗಿ ಮುಚ್ಚಿದಾಗ ಗಣಿಗಾರರು ಜಗತ್ತಿನ ನಾಲ್ಕೂ ಮೂಲೆಗೆ ಹೋದರು. ಅವರಲ್ಲಿ ಕೆಲವರು ಬಂದದ್ದು ನಮ್ಮ ಕೋಲಾರಕ್ಕೆ. 1880ರಿಂದ ಲಂಡನ್ನಿನ ಜಾನ್ ಟೇಲರ್ ಮತ್ತು ಸನ್ಸ್ ಕಂಪನಿ ಅಲ್ಲಿ ಚಿನ್ನ ತೆಗೆಯತೊಡಗಿತ್ತು. ಹೆಂಡತಿ ಕಾರ್ನ್‌ವಾಲಿನಲ್ಲೇ ಉಳಿದು ಯಜಮಾನಿಯಾಗಿ ಗಣತಿಗೆ ಹೆಸರು ಕೊಟ್ಟರೆ, ಗಂಡನನ್ನು ಹುಡುಕಬೇಕಾದದ್ದು ಬೇರೆ ಕಡೆ. ಭಾರತದಲ್ಲಿ ಪಾದ್ರಿಗಳು ನಡೆಸಿದ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳ ಪ್ರತಿ ಬಂಗಾಳ, ಮದ್ರಾಸು, ಮುಂಬಯಿ ಪ್ರಾಂತಗಳ ಮೂಲಕ ಲಂಡನ್ನಿಗೆ ಹೋಗುತ್ತಿತ್ತು. 1698ರಿಂದ 1948ರವರೆಗಿನ ಆ ಸಂಪುಟಗಳು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಬೆಂಗಳೂರು, ಕೋಲಾರಗಳ ದಾಖಲೆ ಹುಡುಕುವವರು ತೆರೆಯಬೇಕಾದದ್ದು ಮದ್ರಾಸಿನ ಸಂಪುಟಗಳನ್ನು. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಅಲ್ಲಿ ಮಣ್ಣಾದವರ ಹೆಸರು ಲಂಡನ್ನಿನ ಕಪಾಟಿನಲ್ಲಿದೆ.

ಹುಡುಕಾಟದ ಮೊದಲ ನಿಯಮ, ತನ್ನಿಂದ ಆರಂಭಿಸಿ ಒಂದೊಂದೇ ತಲೆಮಾರು ಹಿಂದಕ್ಕೆ ಹೋಗುವುದು. ಆಸೆಬುರುಕರು ಮಾಡುವುದು ತಿರುಗುಮುರುಗು. ಹೆಸರಾಂತ ಪೂರ್ವಜನೊಬ್ಬನನ್ನು ಮೊದಲೇ ಆರಿಸಿಕೊಂಡು ಅಲ್ಲಿಂದ ಕೆಳಕ್ಕೆ ಇಳಿಯುತ್ತಾರೆ. ಒಂದೇ ಊರಿನಲ್ಲಿ ಒಂದೇ ವರ್ಷ ಇಬ್ಬರು ಜಾನ್ ಸ್ಮಿತ್‌ಗಳಿಗೆ ದೀಕ್ಷಾಸ್ನಾನವಾಗಿದ್ದರೆ ಯಾರು ತನ್ನವನು? ಶವಸಂಸ್ಕಾರದ ಪುಟ ನೋಡಬೇಕು. ಒಬ್ಬ ಮೂರು ವರ್ಷಕ್ಕೇ ಸತ್ತಿರಬಹುದು. ಬಹಳ ಮಂದಿ ಆ ಪುಟ ತಿರುಗಿಸುವುದಿಲ್ಲ. ಸತ್ತ ಮಗುವಿಗೆ ಮದುವೆ ಮಾಡಿಸಿ, ಮಕ್ಕಳನ್ನು ಹುಟ್ಟಿಸಿದ ವಂಶವೃಕ್ಷಗಳು ಬೇಕಾದಷ್ಟಿವೆ. ಮೊದಲು ಇಂಥ ತಪ್ಪು ಒಂದು ಮನೆಯಲ್ಲೇ ಉಳಿಯುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಒಬ್ಬರ ತಪ್ಪನ್ನು ನೂರು ಮಂದಿ ನಕಲು ಮಾಡುತ್ತಾರೆ.

ಕಂಪ್ಯೂಟರಿನ ಉಪಕಾರವೂ ಸಣ್ಣದಲ್ಲ. ಸತ್ತ ಪೂರ್ವಜರ ಪರವಾಗಿಯೂ ದೀಕ್ಷಾಸ್ನಾನ ನಡೆಸುವ ಅಮೆರಿಕದ ಮಾರ್ಮನ್ ಪಂಥದವರು 1938ರಿಂದಲೇ ದೇಶ ದೇಶಗಳ ದಾಖಲೆಗಳ ಮೈಕ್ರೋಫಿಲ್ಮ್ ತೆಗೆಯತೊಡಗಿದ್ದರು. 1881ರ ಗಣತಿಯನ್ನು ಸಾವಿರಾರು ಸ್ವಯಂಸೇವಕರು ಕೈಯಾರೆ ನಕಲು ಮಾಡಿ ಸೂಚಿ ತಯಾರಿಸಿದರು. 1901ರ ಗಣತಿಯನ್ನು 2002ರ ಜನವರಿ 2ರಂದು ಅಂತರ್ಜಾಲದಲ್ಲಿ ತೆರೆದಾಗ ಜನ ಮುಗಿಬಿದ್ದು ಇಡೀ ವ್ಯವಸ್ಥೆ ಕುಸಿದು ಬಿದ್ದಿತು.

ನೂರು ವರ್ಷ ತುಂಬುವ ತನಕ ಗಣತಿ ಪುಸ್ತಕ ತೆರೆಯುವಂತಿಲ್ಲ ಎಂಬ ನಿಯಮದಂತೆ 1921ರದು 2022ರ ಜನವರಿಯಲ್ಲಿ ಹೊರಬಂತು. ಮುಂದಿನದು 1931ರದು, ಅದು 1942ರ ಡಿಸೆಂಬರಿನಲ್ಲಿ ಹೇಯ್ಸ್ ಎಂಬಲ್ಲಿನ ಉಗ್ರಾಣದಲ್ಲಿ ಬೆಂಕಿಗೆ ಆಹುತಿಯಾಯಿತು. ಶತ್ರುವಿನ ಬಾಂಬೂ ಅದಕ್ಕೆ ಕಾರಣವಲ್ಲ. 1941ರಲ್ಲಿ ಯುದ್ಧದಿಂದಾಗಿ ಗಣತಿ ನಡೆಯಲೇ ಇಲ್ಲ. ಯುದ್ಧ ಶುರುವಾದ ಸೆಪ್ಟೆಂಬರ್ 1939ರಲ್ಲಿ, ಗುರುತು ಚೀಟಿ ಕೊಡಲೆಂದು ಮಾಡಿದ ರಾಷ್ಟ್ರೀಯ ನೋಂದಣಿಯ ಪಟ್ಟಿ ಮಾತ್ರ ಆ ಮೂವತ್ತು ವರ್ಷಗಳ ನಡುವೆ ಸಿಗುವ ಆಸರೆ. 1951ರ ಗಣತಿಯ ಪುಸ್ತಕ ನೋಡಬೇಕೆಂದವರು 2052ರವರೆಗೆ ಕಾಯಬೇಕು.